ಪಾತ್ರಚಿತ್ರ ಹಂಚಿಕೆ: ಒಮಾನ್

ಕತೆಗೋ ಗೇಮ್‌ಗೋ ಬೇಕಾದ ವ್ಯಕ್ತಿಯನ್ನು ಟ್ಯಾಬ್ಲೆಟ್‌ನಲ್ಲಿ ಬರೆದು, ಆನ್‌ಲೈನ್‌ನಲ್ಲಿ ಹಾಕಿ, ಜೊತೆಯ ಕಲಾವಿದರಿಂದ ತಿದ್ದುಪಡಿ ಕೇಳುವ ರೂಢಿ. 2000ರಲ್ಲಿ ಶುರುವಾದ ಡೀವಿಯಂಟ್‌ಆರ್ಟ್ ಇದನ್ನು ಜಗತ್ತಿಗೆ ಹಬ್ಬಿಸಿತು. 2010ರ ಇನ್‌ಸ್ಟಾಗ್ರಾಂ ಜೇಬಿಗೆ ತಂದಿತು. ಮಸ್ಕತ್‌ನಲ್ಲಿ ಚಿತ್ರಕಾರರು ಸೇರುವ ಒಮಾನಿ ಲಲಿತಕಲಾ ಸಂಘ ಇವೆರಡಕ್ಕೂ ಹಳೆಯದು, 1993ರದು.

ಒಮಾನಿ ಪಾತ್ರ ಬರೆಯುವವರು ಎಡವುವುದು ಮುಖದಲ್ಲಿ ಅಲ್ಲ, ಉಡುಪಿನಲ್ಲಿ. ದಿಶ್‌ದಾಶಾ ನಿಲುವಂಗಿಯ ಕೊರಳಿನಿಂದ ಇಳಿಯುವ ಫುರಾಖಾ ಎಂಬ ಗೊಂಡೆ ಗಿಡ್ಡದು. ಅದಕ್ಕೆ ಅತ್ತರು ಅದ್ದುವುದುಂಟು. ಅದನ್ನೇ ಉದ್ದಕ್ಕೆ ಎಳೆದರೆ ಪಾತ್ರ ಗಡಿ ದಾಟಿ ಎಮಿರೇಟ್ಸ್‌ನವನಾಗುತ್ತಾನೆ. ಕುಮ್ಮಾ ಟೋಪಿಯ ಕಸೂತಿಯಲ್ಲಿ ಸಣ್ಣ ಸಣ್ಣ ತೂತುಗಳಿರಬೇಕು. ಬಾಗಿದ ಒರೆಯ ಖಂಜರ್ ಎಂಬ ಕಠಾರಿ ಸೊಂಟಪಟ್ಟಿಯ ಮುಂಭಾಗದಲ್ಲೇ ನಿಲ್ಲಬೇಕು, ಪಕ್ಕದಲ್ಲಿ ನೇತಾಡಬಾರದು. ಅದು ರಾಷ್ಟ್ರಧ್ವಜದಲ್ಲಿರುವ, 2022ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವಸ್ತು. ತಪ್ಪಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಕ್ಷಗಾನದಲ್ಲಿ ಬಡಗುತಿಟ್ಟಿನ ಮುಂಡಾಸನ್ನು ತೆಂಕುತಿಟ್ಟಿನ ವೇಷಕ್ಕೆ ಕಟ್ಟಿದರೆ ನಮ್ಮ ಕರಾವಳಿಯವರು ಸುಮ್ಮನಿರುತ್ತಾರೆಯೇ?

ತಿದ್ದುವ ಬಗೆ ಸರಳ. ಬರೆದವರ ಒಪ್ಪಿಗೆ ಪಡೆದು, ಚಿತ್ರದ ಮೇಲೆ ಖಾಲಿ ಲೇಯರ್ ಇಟ್ಟು ಕೆಂಪು ಗೆರೆ ಎಳೆಯುತ್ತಾರೆ: ಭುಜ ಇಷ್ಟು ಇಳಿಯಲಿ, ಮೊಣಕೈ ಇಲ್ಲಿ ಮಡಿಯಲಿ. ಲೇಯರ್ ಮರೆಮಾಡಿದರೆ ಮೂಲ ಹಾಗೇ ಇರುತ್ತದೆ. ‘ಚೆನ್ನಾಗಿದೆ’ ಎಂಬ ಹೊಗಳಿಕೆಗಿಂತ ಇಂಥ ನಾಲ್ಕು ಗೆರೆಗೇ ಬೆಲೆ ಹೆಚ್ಚು. ಇನ್ನೊಂದು ಹಳೆಯ ಉಪಾಯ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದು: ಅಲ್ಲಿಯವರೆಗೆ ಸರಿಯೆನಿಸಿದ್ದ ಕಣ್ಣೆರಡೂ ಓರೆಯಾಗಿರುವುದು ಆಗ ಕಾಣುತ್ತದೆ.