ನಡುವಿನ ಗಂಟು, ಚರ್ಮದ ಗಾಯ

ಹದಿನೆಂಟು ಮೊಳದ ಸೀರೆಗೆ ಒಳಗೆ ಪರಕಾರ ಬೇಕಿರಲಿಲ್ಲ. ನಡುವಿಗೆ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಕಚ್ಚೆಯನ್ನು ಹಿಂದಕ್ಕೆಳೆದು ಸಿಕ್ಕಿಸಿದರೆ ಮುಗಿಯಿತು. ದಿನವಿಡೀ ಹೊಲದಲ್ಲಿ ಬಾಗಿ ಕಸ ತೆಗೆದರೂ, ಜೋಳ ಕೊಯ್ದರೂ ಸೀರೆ ಸಡಿಲಾಗುತ್ತಿರಲಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಅಸಂಗಿ, ಅದರ ಸುತ್ತಲಿನ ಕನ್ನಡದ ಊರುಗಳು, ಗಡಿಯಾಚೆಯ ವಿಜಯಪುರದ ಹಳ್ಳಿಗಳು, ಎಲ್ಲ ಕಡೆ ದುಡಿಯುವ ಹೆಣ್ಣುಮಕ್ಕಳ ಉಡುಗೆ ಬಹುಕಾಲ ಇದೇ ಆಗಿತ್ತು. ಗಂಡಸರದು ಧೋತರ. ಅದೂ ನಡುವಿನ ಬಿಗಿತದ ಮೇಲೇ ನಿಲ್ಲುವಂಥದ್ದು.

ಆ ಬಿಗಿತ ಮೈಮೇಲೆ ಗುರುತು ಬಿಡುತ್ತದೆ. ಮೊದಲು ಕಪ್ಪನೆಯ ಗೆರೆ, ಇಲ್ಲವೇ ಬಣ್ಣ ಮಾಸಿದ ಪಟ್ಟಿ. ಬೇಸಿಗೆಯಲ್ಲಿ ಬೆವರು, ಹೊಲದ ಧೂಳು ಅಲ್ಲೇ ಕೂತು ತುರಿಕೆ ಶುರುವಾಗುತ್ತದೆ. ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ ಸೀಳುತ್ತದೆ. ವಯಸ್ಸಾದವರ ನಡುವಿನಲ್ಲಿ ಇದು ಇದ್ದದ್ದೇ ಎಂದುಕೊಂಡವರು ಅದನ್ನು ಯಾರಿಗೂ ತೋರಿಸುವುದಿಲ್ಲ. ಬಹುತೇಕರಲ್ಲಿ ಅದು ಗುರುತಾಗಿಯೇ ಉಳಿಯುತ್ತದೆ. ಅಪರೂಪಕ್ಕೆ ಒಬ್ಬರಲ್ಲಿ ಮಾತ್ರ ಹುಣ್ಣಾಗಿ, ಒಣಗದೆ, ಅಂಚು ಗಟ್ಟಿಯಾಗಿ ಬೆಳೆಯತೊಡಗುತ್ತದೆ.

ಈ ಹುಣ್ಣಿಗೂ ಉಡುಗೆಗೂ ಇರುವ ನಂಟನ್ನು ವೈದ್ಯಶಾಸ್ತ್ರ ದಾಖಲಿಸಿದ್ದು 1945ರಲ್ಲಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಆರಂಭವಾಗಿ ಆಗಿನ್ನೂ ನಾಲ್ಕು ವರ್ಷ. ಅಲ್ಲಿನ ರೋಗಶಾಸ್ತ್ರಜ್ಞ ವಸಂತ ರಾಮಜಿ ಖಾನೋಲ್ಕರ್, ಸಹಲೇಖಕಿ ಸೂರ್ಯಾಬಾಯಿ ಅವರೊಂದಿಗೆ, ಭಾರತೀಯರ ರೂಢಿಗಳಿಂದ ಹುಟ್ಟುವ ಮೂರು ಬಗೆಯ ಕ್ಯಾನ್ಸರ್‌ಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಂದು, ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವವರ ಅಂಗುಳಿನದು. ಎರಡು, ಖೈನಿ ಒತ್ತಿಕೊಳ್ಳುವವರ ತುಟಿಯ ಒಳಬದಿಯದು. ಮೂರನೆಯದು ಧೋತರ ಉಡುವವರ ನಡುವಿನದು. ಉಡುವ, ತಿನ್ನುವ, ಸೇದುವ ಪದ್ಧತಿಯನ್ನೇ ರೋಗದ ಮೂಲವಾಗಿ ನೋಡಿದ ಆ ದೃಷ್ಟಿ ಭಾರತದ ಕ್ಯಾನ್ಸರ್ ಸಂಶೋಧನೆಗೆ ದೊಡ್ಡ ತಿರುವು ಕೊಟ್ಟಿತು. ಇದಕ್ಕೊಂದು ಹಿನ್ನೆಲೆಯೂ ಇತ್ತು. ಲಂಡನ್ನಿನ ಪರ್ಸಿವಲ್ ಪಾಟ್ 1775ರಲ್ಲೇ ಚಿಮಣಿ ಗುಡಿಸುವವರ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದಿದ್ದ. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ಕೆಂಡದ ಕಾಂಗಡಿ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಗಳಲ್ಲಿ ಏಳುವ ಕ್ಯಾನ್ಸರನ್ನು ಮಿಷನ್ ವೈದ್ಯ ಎಲ್ಮ್‌ಸ್ಲಿ 1866ರಲ್ಲಿ ಬರೆದಿಟ್ಟಿದ್ದ.

ಖಾನೋಲ್ಕರ್ ಬರೆದ ಹೊತ್ತಿಗೆ ಜತ್ತ ಇನ್ನೂ ಡಫಳೆ ಮನೆತನದ ಸಂಸ್ಥಾನ. ದೊಡ್ಡ ಕಾಯಿಲೆ ಬಂದರೆ ದಾರಿ ಮಿರಜಿಗೆ. ಕೆನಡಾದಿಂದ ಬಂದ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಿದ್ದರು. ಮಿರಜಿಗೆ ಡಾಕ್ಟರುಗಳ ಊರೆಂಬ ಹೆಸರು ಬಂದದ್ದೂ ಆ ಆಸ್ಪತ್ರೆಯಿಂದಲೇ. ಆದರೆ ನಡುವಿನ ಒಂದು ಹುಣ್ಣಿಗಾಗಿ, ಅದೂ ಗಂಡಸು ಡಾಕ್ಟರಿಗೆ ಸೀರೆ ಸರಿಸಿ ತೋರಿಸಲು, ಹಳ್ಳಿಯ ಹೆಣ್ಣುಮಗಳು ಅಷ್ಟು ದೂರ ಹೋಗುವುದು ಸುಲಭದ ಮಾತಾಗಿರಲಿಲ್ಲ. ಈ ಸಂಕೋಚ ಇವತ್ತಿಗೂ ಹೋಗಿಲ್ಲ. ಗಂಟಿನಷ್ಟೇ ಕೆಡುಕನ್ನು ಅದೂ ಮಾಡಿದೆ.

ಬರಿಯ ತಿಕ್ಕಾಟದಿಂದ ಕ್ಯಾನ್ಸರ್ ಹೇಗೆ ಬರುತ್ತದೆ? 1945ರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಸಿಗತೊಡಗಿದ್ದು ಜೀವಕೋಶಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿರುತ್ತವೆ ಎಂಬುದು ಗೊತ್ತಾದಮೇಲೆ. ಚರ್ಮದ ಮೇಲ್ಪದರವನ್ನು ಕೌದಿಯಂತೆ ನೆನೆಯಬಹುದು: ಅರಿವೆಯ ಹಲವು ಪದರ, ಎಲ್ಲವನ್ನೂ ಕೂಡಿಸುವ ಒತ್ತೊತ್ತಾದ ಹೊಲಿಗೆ. ಇಲ್ಲಿ ಹೊಲಿಗೆಯ ಕೆಲಸ ಮಾಡುವವು ಅಂಟು ಅಣುಗಳು. ಅವುಗಳಲ್ಲಿ ಮುಖ್ಯವಾದದ್ದು ಇ-ಕ್ಯಾಡ್ಹೆರಿನ್. ಕೋಶದ ಹೊರಮೈಯಿಂದ ಚಾಚಿಕೊಂಡ ಈ ಪ್ರೋಟೀನು ಪಕ್ಕದ ಕೋಶದಿಂದ ಚಾಚಿದ ತನ್ನಂಥದನ್ನೇ ಹಿಡಿಯುತ್ತದೆ. ಅತಿ ಕೆಳಗಿನ ಸಾಲಿನ ಕೋಶಗಳನ್ನು ಅಡಿಯ ಪೊರೆಗೆ ಕಚ್ಚಿಸುವವು ಇಂಟೆಗ್ರಿನ್‌ಗಳು.

ಕ್ಯಾಡ್ಹೆರಿನ್ ಸಿಕ್ಕಿದ ಬಗೆ ಸೊಗಸಾಗಿದೆ. ಜಪಾನಿನ ಮಸಾತೋಶಿ ತಾಕೇಯಿಚಿ ಕೋಶಗಳನ್ನು ಬಿಡಿಬಿಡಿ ಮಾಡಲು ಟ್ರಿಪ್ಸಿನ್ ಎಂಬ ಕಿಣ್ವ ಬಳಸುತ್ತಿದ್ದರು. ದ್ರಾವಣದಲ್ಲಿ ಕ್ಯಾಲ್ಸಿಯಂ ಇದ್ದಾಗ ಬಿಡಿಸಿದ ಕೋಶಗಳು ಮತ್ತೆ ಒಂದಕ್ಕೊಂದು ಅಂಟಿದವು. ಇಲ್ಲದಿದ್ದಾಗ ಆ ಶಕ್ತಿಯನ್ನೇ ಕಳೆದುಕೊಂಡವು. ಹಿಡಿತದ ಪ್ರೋಟೀನನ್ನು ಕ್ಯಾಲ್ಸಿಯಂ ಕಾಯುತ್ತಿದೆ ಎಂದು ಅವರು ಊಹಿಸಿದರು. 1977ರಲ್ಲಿ ಆ ಪ್ರಬಂಧ ಬಂತು. ಮುಂದಿನ ದಶಕದಲ್ಲಿ ಪ್ರೋಟೀನೂ ಕೈಗೆ ಸಿಕ್ಕಿತು, ಅದಕ್ಕೆ ಹೆಸರೂ ಬಂತು. 1991ರಲ್ಲಿ ಜರ್ಮನಿಯ ವಾಲ್ಟರ್ ಬಿರ್ಚ್‌ಮಾಯರ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗುವ ಕ್ಯಾನ್ಸರ್ ಕೋಶಗಳಲ್ಲಿ ಇ-ಕ್ಯಾಡ್ಹೆರಿನ್ ಕಳೆದುಹೋಗಿರುತ್ತದೆ, ಅದನ್ನು ಮರಳಿ ಕೊಟ್ಟರೆ ನುಗ್ಗಾಟ ತಗ್ಗುತ್ತದೆ ಎಂದು ತೋರಿಸಿತು.

ಈಗ ಮತ್ತೆ ಗಾಯದ ಮಾತಿಗೆ ಬರೋಣ. ಚರ್ಮ ಸೀಳಿದಾಗ ಅಂಚಿನ ಕೋಶಗಳು ಪಕ್ಕದವುಗಳ ಮೇಲಿನ ಹಿಡಿತ ಸಡಿಲಿಸಿ, ತೆವಳಿ ಬಂದು ಸೀಳನ್ನು ಮುಚ್ಚುತ್ತವೆ. ಮುಚ್ಚಿದಮೇಲೆ ಮತ್ತೆ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಇದು ಮೈಯ ರಕ್ಷಣೆಯ ವಿಧಾನ. ಆದರೆ ಇಂದು ಕೂಡಿದ ಚರ್ಮವನ್ನು ನಾಳೆಯ ಗಂಟು ಮತ್ತೆ ಬಿಡಿಸಿದರೆ? ಮೂವತ್ತು ನಲವತ್ತು ವರ್ಷ ಕೋಶಗಳು ವಿಭಜನೆಗೊಳ್ಳುತ್ತ, ತೆವಳುತ್ತ, ಉರಿಯೂತದ ನಡುವೆಯೇ ಇರಬೇಕಾಗುತ್ತದೆ. ಪ್ರತಿ ವಿಭಜನೆಯಲ್ಲೂ ಡಿಎನ್‌ಎಯಲ್ಲಿ ತಪ್ಪು ನುಸುಳುವ ಅವಕಾಶವಿದೆ. ಅಂಥ ತಪ್ಪು ಸೇರಿಕೊಂಡ ಕೋಶವೊಂದು ಹಿಡಿತವನ್ನು ಕಾಯಂ ಆಗಿ ಕೈಬಿಟ್ಟರೆ, ಅಡಿಯ ಪೊರೆ ಕೊರೆದು ಕೆಳಗಿಳಿಯಲು ಅದಕ್ಕೆ ಅಡ್ಡಿ ಕಡಿಮೆ. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಕ್ಯಾನ್ಸರ್ ಗಡ್ಡೆಗಳನ್ನು ಮಾಯದ ಗಾಯಗಳೆಂದೇ ವಿವರಿಸಿದರು.

ಬಣ್ಣ ಕೊಡುವ ಮೆಲನೊಸೈಟ್ ಕೋಶಗಳ ಕಥೆ ಸ್ವಲ್ಪ ಬೇರೆ. ಅವೂ ಇ-ಕ್ಯಾಡ್ಹೆರಿನ್ ಮೂಲಕವೇ ಸುತ್ತಲಿನ ಕೋಶಗಳಿಗೆ ಕಟ್ಟಿಕೊಂಡು, ಅವುಗಳ ಹತೋಟಿಯಲ್ಲಿರುತ್ತವೆ. ಅವುಗಳಿಗೆ ಬರುವ ಕ್ಯಾನ್ಸರಾದ ಮೆಲನೋಮಾದಲ್ಲಿ ಈ ಅಣು ಕಡಿಮೆಯಾಗಿ ಎನ್-ಕ್ಯಾಡ್ಹೆರಿನ್ ಎಂಬ ಇನ್ನೊಂದು ಹೆಚ್ಚುತ್ತದೆ. ಕೋಶ ಹಳೆಯ ನೆರೆಯನ್ನು ಬಿಟ್ಟು ಒಳಪದರದ ಕೋಶಗಳ, ರಕ್ತನಾಳಗಳ ಸಂಗ ಹಿಡಿಯುತ್ತದೆ. ಫಿಲಡೆಲ್ಫಿಯಾದ ಮೀನ್ಹಾರ್ಡ್ ಹರ್ಲಿನ್ ತಂಡ ಇದನ್ನು ವಿವರವಾಗಿ ಬಿಡಿಸಿಟ್ಟಿದೆ. ಭಾರತದಲ್ಲಿ ಮೆಲನೋಮಾ ವಿರಳ. ಬಂದಾಗ ಅನೇಕರಲ್ಲಿ ಅಂಗಾಲಿನಲ್ಲಿ ಕಾಣಿಸುತ್ತದೆ.

ನಡುವಿನ ಕ್ಯಾನ್ಸರ್ ಉಡುಗೆಯ ಜೊತೆಗೇ ಸಾಗಿ ಬಂದಿದೆ. ಗಂಡಸರು ಪ್ಯಾಂಟಿಗೆ ಬಂದರು. ಹೆಂಗಸರು ಆರು ಗಜದ ಸೀರೆಗೆ ಬಂದರು. ಅದಕ್ಕೆ ಪರಕಾರ ಬೇಕಾಯಿತು, ಪರಕಾರಕ್ಕೆ ಲಾಡಿ. ಲಾಡಿ ಸಣ್ಣ ಹುರಿ, ಅದರ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ. ನವೆಂಬರ್ 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಬ್ಬರು ಹೆಣ್ಣುಮಕ್ಕಳ ವಿಷಯ ಬರೆದರು. ಒಬ್ಬರಿಗೆ 70 ವರ್ಷ. ಬಲಪಕ್ಕೆಯ ಹುಣ್ಣು 18 ತಿಂಗಳಾದರೂ ಒಣಗಿರಲಿಲ್ಲ. ಅರವತ್ತು ದಾಟಿದ ಇನ್ನೊಬ್ಬರು 40 ವರ್ಷ ಲುಗಡಾ ಎಂಬ ಸೀರೆಯನ್ನು ಪರಕಾರವಿಲ್ಲದೆ ಬಿಗಿದುಟ್ಟವರು. ಅವರ ರೋಗ ಗೊತ್ತಾಗುವಷ್ಟರಲ್ಲಿ ತೊಡೆಸಂದಿನ ದುಗ್ಧಗ್ರಂಥಿಗೂ ಹರಡಿತ್ತು.

ಸೀರೆ ಬಿಡಿ ಎಂದು ಆ ವೈದ್ಯರು ಹೇಳಲಿಲ್ಲ. ಪರಕಾರ ಸಡಿಲವಾಗಿರಲಿ, ಚರ್ಮ ಕೆಟ್ಟಿದ್ದರೆ ಮಾಯುವವರೆಗೆ ಹಗುರಾದ ಬಟ್ಟೆ ಸಾಕು ಎಂದರು. ಹುಣ್ಣು ವಾರಗಟ್ಟಲೆ ಒಣಗದಿದ್ದರೆ ಅದರ ಅಂಚಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು. 1962ರಲ್ಲಿ ಸುರುವಾದ ಮಿರಜದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಾಗಲಿ, ವಿಜಯಪುರದ ದೊಡ್ಡ ಆಸ್ಪತ್ರೆಗಳಲ್ಲಾಗಲಿ ಇದು ಮಾಮೂಲಿ ಪರೀಕ್ಷೆ. ಕ್ಯಾನ್ಸರ್ ಕೋಶಗಳು ಇನ್ನೂ ದುಗ್ಧಗ್ರಂಥಿ ಮುಟ್ಟಿರದಿದ್ದರೆ, ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮದೊಡನೆ ಹುಣ್ಣನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯಿಂದಲೇ ಬಹಳ ಜನ ಗುಣವಾಗುತ್ತಾರೆ.