ಹಳೆಯ ಕಂಪ್ಯೂಟರಿಗೆ ಹೊಸ ಬಿಡಿಭಾಗ: ಒಂದು ವಂತಿಗೆಯ ಇತಿಹಾಸ

ಯಂತ್ರಗಳು ಸಾಮಾನ್ಯವಾಗಿ ಇಡಿಯಾಗಿ ಕೆಡುವುದಿಲ್ಲ. ಪಂಪ್‌ಸೆಟ್ಟಿನ ವಾಷರ್ ಸವೆಯುತ್ತದೆ, ಹೊಲಿಗೆ ಯಂತ್ರದ ಬೆಲ್ಟ್ ಹರಿಯುತ್ತದೆ. ಆ ಭಾಗ ಪೇಟೆಯ ಅಂಗಡಿಯಲ್ಲಿ ಸಿಗುವವರೆಗೂ ಯಂತ್ರಕ್ಕೆ ಆಯುಷ್ಯ ಇರುತ್ತದೆ. ಆದರೆ ತಯಾರಿಸಿದ ಕಂಪನಿಯೇ ಬಾಗಿಲು ಹಾಕಿದರೆ ಏನು ಮಾಡಬೇಕು? ಅಮೆರಿಕ ಮತ್ತು ಯುರೋಪಿನಲ್ಲಿ 1980ರ ದಶಕದ ಕಂಪ್ಯೂಟರುಗಳನ್ನು ಜೋಪಾನ ಮಾಡಿಕೊಂಡು ಬಂದವರಿಗೆ ಈ ಪ್ರಶ್ನೆ ಎದುರಾಯಿತು. ಅವರು ಕಂಡುಕೊಂಡ ಉತ್ತರ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಎಲ್ಲರೂ ಸೇರಿ ವಂತಿಗೆ ಎತ್ತುವುದು.

ಮೊದಲು ಆ ಯಂತ್ರಗಳ ವಿಚಾರ. 1982ರ ಜನವರಿಯಲ್ಲಿ ಅಮೆರಿಕದ ಕಮೊಡೋರ್ ಕಂಪನಿ ‘ಕಮೊಡೋರ್ 64’ ಎಂಬ ಕಂಪ್ಯೂಟರನ್ನು ಪ್ರದರ್ಶಿಸಿತು. ಅದರ ಬೆಲೆ 595 ಡಾಲರ್, ನೆನಪಿನ ಶಕ್ತಿ 64 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಕೀಬೋರ್ಡಿನೊಳಗೇ ಕಂಪ್ಯೂಟರ್ ಇತ್ತು, ಮನೆಯ ಟಿ.ವಿ.ಯೇ ಅದರ ಪರದೆ. ಜೊತೆಗೆ ವಿದ್ಯುತ್ ಪೆಟ್ಟಿಗೆ, ಕ್ಯಾಸೆಟ್ ರೆಕಾರ್ಡರ್, ಜಾಯ್‌ಸ್ಟಿಕ್, ಫ್ಲಾಪಿ ಡ್ರೈವ್ ಎಂಬ ಪರಿವಾರ. ಅದು ಒಂದೂಕಾಲು ಕೋಟಿಯಿಂದ 1.7 ಕೋಟಿಯವರೆಗೆ ಮಾರಾಟವಾಯಿತೆಂದು ಅಂದಾಜಿದೆ. ಅದೇ ವರ್ಷದ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ಸಿಂಕ್ಲೇರ್ ಕಂಪನಿಯ ‘ಝಡ್‌ಎಕ್ಸ್ ಸ್ಪೆಕ್ಟ್ರಂ’ 125 ಪೌಂಡಿಗೆ ಬಂತು. ಇಡೀ ಒಂದು ಪೀಳಿಗೆ ಇವುಗಳ ಮೇಲೆ ಬೇಸಿಕ್ ಭಾಷೆ ಕಲಿತು ಪ್ರೋಗ್ರಾಮಿಂಗಿಗೆ ಇಳಿಯಿತು. ಆದರೆ ಸಿಂಕ್ಲೇರ್ 1986ರಲ್ಲಿ ತನ್ನ ಕಂಪ್ಯೂಟರ್ ವ್ಯವಹಾರವನ್ನು ಆಮ್‌ಸ್ಟ್ರಾಡ್ ಕಂಪನಿಗೆ ಮಾರಿತು. ಕಮೊಡೋರ್ 1994ರ ಏಪ್ರಿಲಿನಲ್ಲಿ ದಿವಾಳಿಯಾಯಿತು. ಯಂತ್ರಗಳು ಮನೆಗಳಲ್ಲಿ ಉಳಿದವು, ಅವುಗಳ ಬಿಡಿಭಾಗ ಮಾಡುವವರು ಉಳಿಯಲಿಲ್ಲ.

ವಯಸ್ಸಾದಂತೆ ಈ ಯಂತ್ರಗಳಿಗೆ ಬರುವ ಕಾಯಿಲೆಗಳು ಹಲವು. ಬೆಂಕಿ ತಗುಲದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳು ಬಿಸಿಲಿಗೆ ಮಾರ್ಪಟ್ಟು ಪೆಟ್ಟಿಗೆ ಹಳದಿಗಟ್ಟುತ್ತದೆ. ಕೆಪಾಸಿಟರುಗಳಿಂದ ದ್ರವ ಒಸರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕ್ಯಾಸೆಟ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಸಡಿಲವಾಗಿ ಕೊನೆಗೆ ಅಂಟಾಗುತ್ತದೆ. ಸ್ಪೆಕ್ಟ್ರಂ ಕೀಬೋರ್ಡಿನ ಕೆಳಗಿನ ತೆಳು ಹಾಳೆ ಒಣಗಿ ಬಿರುಕು ಬಿಟ್ಟು ಸಾಲು ಸಾಲಾಗಿ ಕೀಗಳು ಕೆಲಸ ನಿಲ್ಲಿಸುತ್ತವೆ. ಇವೆಲ್ಲಕ್ಕಿಂತ ಅಪಾಯಕಾರಿ ಕಮೊಡೋರ್ 64ರ ವಿದ್ಯುತ್ ಪೆಟ್ಟಿಗೆ. ಅನೇಕ ಪೆಟ್ಟಿಗೆಗಳ ಒಳಗೆ ಎಪಾಕ್ಸಿ ಅಂಟನ್ನು ಸುರಿದು ಗಟ್ಟಿ ಮಾಡಿರುವುದರಿಂದ ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಒಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಹೋಗಬೇಕಾದಲ್ಲಿ ಅದಕ್ಕಿಂತ ಹೆಚ್ಚು ಹರಿದು, ಚೆನ್ನಾಗಿದ್ದ ಕಂಪ್ಯೂಟರಿನ ಮೆಮೊರಿ ಚಿಪ್ಪುಗಳನ್ನು ಸುಟ್ಟುಬಿಡುತ್ತದೆ.

ಭಾರತಕ್ಕೂ ಆ ಕಾಲದ ಒಂದು ಯಂತ್ರದ ನಂಟಿದೆ. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ‘ಬಿಬಿಸಿ ಮೈಕ್ರೋ’ ಬಂದಿತ್ತು. ಗಟ್ಟಿಮುಟ್ಟಾದ ಯಂತ್ರವೇ ಆದರೂ ದಶಕಗಳ ನಂತರ ಅದರ ವಿದ್ಯುತ್ ಭಾಗದ ಒಂದು ಸಣ್ಣ ಕೆಪಾಸಿಟರ್ ಬಿರಿದು ದಟ್ಟ ಹೊಗೆ ಬರುವುದು ಹೆಸರಾದ ದೋಷ. ಕೆಟ್ಟದ್ದು ಆ ಸಣ್ಣ ಭಾಗ ಮಾತ್ರ. ಆದರೆ ಹೊಗೆ ಕಂಡವರು ಯಂತ್ರವೇ ಮುಗಿಯಿತೆಂದು ಗುಜರಿಗೆ ಹಾಕಿದರೆ ಅಚ್ಚರಿಯಿಲ್ಲ.

ಮೊದಲಿಗೆ ಹವ್ಯಾಸಿಗಳು ಸತ್ತ ಯಂತ್ರದಿಂದ ಭಾಗ ಕಿತ್ತು ಬದುಕಿರುವುದಕ್ಕೆ ಹಾಕುತ್ತಿದ್ದರು. ಹಾಗೆ ಮಾಡುತ್ತ ಹೋದರೆ ಒಂದು ದಿನ ಎಲ್ಲವೂ ಮುಗಿಯುತ್ತದೆ. ಹೊಸದಾಗಿ ಮಾಡಿಸೋಣವೆಂದರೆ ಅಚ್ಚಿನ ಖರ್ಚು ಅಡ್ಡ ಬರುತ್ತದೆ. ಕಾಯಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ಪೆಟ್ಟಿಗೆ, ಕೀಗಳನ್ನು ತಯಾರಿಸುತ್ತಾರೆ. ಪ್ಲಾಸ್ಟಿಕ್ ಅಗ್ಗ, ಅಚ್ಚು ತುಂಬ ದುಬಾರಿ. ಲೆಕ್ಕಕ್ಕೆಂದು ಅಚ್ಚಿಗೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಜನರಿಗಾದರೆ ತಲೆಗೆ ಒಂದು ಲಕ್ಷ. ಸಾವಿರ ಜನರಿಗಾದರೆ ತಲೆಗೆ ಒಂದೇ ಸಾವಿರ. ಆ ಸಾವಿರ ಜನ ಒಂದೂರಿನಲ್ಲಿ ಇಲ್ಲ, ಹತ್ತಾರು ದೇಶಗಳಲ್ಲಿ ಚದುರಿದ್ದಾರೆ. ಅವರನ್ನು ಕೂಡಿಸುವುದೇ ನಿಜವಾದ ಕಷ್ಟ.

ಚದುರಿದ ಜನರಿಂದ ಚಿಲ್ಲರೆ ಹಣ ಕೂಡಿಸುವುದು ಹೊಸ ವಿದ್ಯೆಯಲ್ಲ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದಾದಾಗ, 1885ರಲ್ಲಿ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ ಮನವಿ ಮಾಡಿದರು. ಲಕ್ಷಕ್ಕೂ ಹೆಚ್ಚು ಜನ ಸೇರಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟರು. ಬಹುಪಾಲು ಜನರದು ಒಂದು ಡಾಲರಿಗಿಂತ ಕಡಿಮೆ. ಕೊಟ್ಟವರ ಹೆಸರುಗಳನ್ನು ಪತ್ರಿಕೆ ಅಚ್ಚು ಮಾಡಿತು. ಇದೇ ಕೆಲಸಕ್ಕೆ 2008ರಲ್ಲಿ ಇಂಡಿಗೋಗೋ, 2009ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಅಂತರ್ಜಾಲ ವೇದಿಕೆಗಳು ಬಂದವು. ಇದನ್ನೇ ಕ್ರೌಡ್‌ಫಂಡಿಂಗ್ ಎನ್ನುತ್ತಾರೆ. ಕಿಕ್‌ಸ್ಟಾರ್ಟರಿನಲ್ಲಿ ಗುರಿಯಷ್ಟು ಹಣಕ್ಕೆ ಜನ ಒಪ್ಪದಿದ್ದರೆ ಯಾರಿಂದಲೂ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ.

2015ರ ಸುಮಾರಿಗೆ ಈ ದಾರಿ ಹಳೆಯ ಕಂಪ್ಯೂಟರುಗಳವರಿಗೆ ಒದಗಿತು. ಕಮೊಡೋರ್ 64ರ ನಂತರದ ಮಾದರಿಯ ಪೆಟ್ಟಿಗೆಯ ಮೂಲ ಉಕ್ಕಿನ ಅಚ್ಚುಗಳು, ಕಂಪನಿ ಹೋದರೂ, ಅಮೆರಿಕದಲ್ಲಿ ಉಳಿದಿದ್ದವು. ಅವನ್ನು ಕೊಂಡ ಒಬ್ಬರು ಕಿಕ್‌ಸ್ಟಾರ್ಟರಿನಲ್ಲಿ ಹಣ ಕೂಡಿಸಿ, ಅದೇ ಅಚ್ಚಿನಿಂದ ಹೊಸ ಪೆಟ್ಟಿಗೆಗಳನ್ನು ತೆಗೆಸಿದರು. 1992ರ ‘ಅಮಿಗಾ 1200’ ಎಂಬ ಕಂಪ್ಯೂಟರಿಗೆ ಅಂಥ ಭಾಗ್ಯ ಇರಲಿಲ್ಲ. ಅದರ ಪೆಟ್ಟಿಗೆಗೆ ಜನರ ಹಣದಿಂದಲೇ ಹೊಸ ಅಚ್ಚು ಮಾಡಿಸಬೇಕಾಯಿತು, ತಿದ್ದಿ ತಿದ್ದಿ ಸರಿಯಾಗುವ ಹೊತ್ತಿಗೆ ಬಹಳ ಕಾಲ ಹಿಡಿಯಿತು. ಮುಂದೆ ಕೀಗಳ ಮುಚ್ಚಳಗಳಿಗೂ ಅಮಿಗಾದ ಹಳೆಯ ಮೌಸ್‌ನ ಆಕಾರದ ಹೊಸ ಮೌಸ್‌ಗೂ ಹೀಗೆಯೇ ವಂತಿಗೆ ಎತ್ತಿದರು.

ಎಲ್ಲ ವಂತಿಗೆಯೂ ಫಲ ಕೊಡಲಿಲ್ಲ. ಸ್ಪೆಕ್ಟ್ರಂ ಆಟಗಳನ್ನು ಆಡುವ ‘ವೇಗಾ ಪ್ಲಸ್’ ಎಂಬ ಕೈ ಯಂತ್ರಕ್ಕಾಗಿ 2016ರಲ್ಲಿ ಜನ 5 ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟರು. ಅದೇ ವರ್ಷ ಬರಬೇಕಿದ್ದ ಯಂತ್ರ 2018ರಲ್ಲಿ ಕೆಲವರಿಗಷ್ಟೇ ತಲುಪಿತು. 2019ರಲ್ಲಿ ಕಂಪನಿಯೇ ಮುಚ್ಚಿತು. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ‘ಸ್ಪೆಕ್ಟ್ರಂ ನೆಕ್ಸ್ಟ್’. 2017ರಲ್ಲಿ ಎರಡೂವರೆ ಲಕ್ಷ ಪೌಂಡ್ ಕೇಳಿದ್ದಕ್ಕೆ 7,23,390 ಪೌಂಡ್ ಕೂಡಿತು. ಅದರ ಹೊರಪೆಟ್ಟಿಗೆ ವಿನ್ಯಾಸ ಮಾಡಿದವರು 1982ರ ಸ್ಪೆಕ್ಟ್ರಂನ ವಿನ್ಯಾಸಕಾರರೇ ಆದ ರಿಕ್ ಡಿಕಿನ್ಸನ್. ಕೀಬೋರ್ಡ್ ಸರಿಹೋಗದೆ ಕೆಲಸ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2018ರಲ್ಲಿ ಡಿಕಿನ್ಸನ್ ತೀರಿಕೊಂಡರು. ಯಂತ್ರ ಜನರ ಕೈ ಸೇರಿದ್ದು 2020ರಲ್ಲಿ. ಇಲ್ಲಿಯೂ ಎರಡು ವರ್ಷ ತಡವಾಯಿತು, ಆದರೆ ಮಾತು ಉಳಿಯಿತು.

ವಂತಿಗೆ ಕೊಡುವವನು ವಸ್ತು ನೋಡುವ ಮೊದಲೇ ದುಡ್ಡು ಕೊಡುತ್ತಾನೆ. ಹಾಗಾಗಿ ಇಲ್ಲಿ ಪಣಕ್ಕಿಟ್ಟಿರುವುದು ಹಣಕ್ಕಿಂತ ಹೆಚ್ಚಾಗಿ ನಂಬಿಕೆ. ತಡವಾದಾಗ ಮುಚ್ಚಿಡದೆ ಕಾರಣ ತಿಳಿಸಿದವರನ್ನು ಜನ ಕಾದರು. ಇನ್ನೊಂದು ಸಂಗತಿಯೂ ಮುಖ್ಯ. ಕಮೊಡೋರ್ 64ರ ಸರ್ಕ್ಯೂಟ್ ನಕ್ಷೆಯನ್ನು ಕಂಪನಿ ಪ್ರೋಗ್ರಾಮರುಗಳ ಕೈಪಿಡಿಯ ಕೊನೆಯಲ್ಲಿ ಅಚ್ಚು ಹಾಕಿಸಿತ್ತು. ನಲವತ್ತು ವರ್ಷಗಳ ನಂತರವೂ ಅದನ್ನು ನೋಡಿಕೊಂಡೇ ರಿಪೇರಿ ನಡೆದಿದೆ.

ನಮ್ಮ ನಾಡಿನಲ್ಲಿ ಎಷ್ಟೋ ಶಾಲೆಗಳು ಊರವರ ವಂತಿಗೆಯಿಂದ, ದಾನದ ಜಾಗದಲ್ಲಿ ಎದ್ದು ನಿಂತಿವೆ. ಸುವರ್ಣ ಮಹೋತ್ಸವದ ನೆಪದಲ್ಲಿ ನಾವು ಹಳೆಯ ವಿದ್ಯಾರ್ಥಿಗಳೆಲ್ಲ ಒಂದೆಡೆ ಸೇರಿದ್ದೇವೆ. ಶಾಲೆಗೆ ಹೊಸ ಕಂಪ್ಯೂಟರ್ ಕೊಡಿಸುವ ಉತ್ಸಾಹ ಸಹಜ, ಅದು ಬೇಕು ಕೂಡ. ಅದರ ಜೊತೆಗೆ ಯುಪಿಎಸ್ ಬ್ಯಾಟರಿ, ಕೀಬೋರ್ಡ್, ಮೌಸ್, ಕೇಬಲ್ಲುಗಳಿಗೆಂದು ಪ್ರತಿ ವರ್ಷ ಒಂದು ಸಣ್ಣ ನಿಧಿ ಎತ್ತಿಡೋಣ. ಯಾವ ಭಾಗ ಯಾವಾಗ ಬದಲಾಯಿತು, ಎಷ್ಟು ಖರ್ಚಾಯಿತು ಎಂಬುದಕ್ಕೆ ಲ್ಯಾಬಿನಲ್ಲೇ ಒಂದು ಪುಸ್ತಕ ಇರಲಿ. ಕೊಟ್ಟವರು ಯಾರಾದರೂ ಬಂದು ತೆರೆದು ನೋಡುವಂತಿರಲಿ.