ಹಸಿವಿನ ಅಳತೆ ತಪ್ಪಿದ 36 ಮಂದಿ: ಡಯಟ್ ಬಿಟ್ಟವರು ತಿಳಿಯಬೇಕಾದ ಇತಿಹಾಸ

ಎರಡು ವರ್ಷದ ಹಿಂದೆ ನಾವು ನಾಲ್ಕು ತಿಂಗಳು ಡಯಟ್ ಮಾಡಿದ್ದೆವು. ಮೊಬೈಲಿನ ಆಪ್ ಹೇಳಿದಷ್ಟೇ ಊಟ. ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಸೌತೆಕಾಯಿ ಮತ್ತು ಮೊಳಕೆ ಕಾಳು. ತೂಕ 8 ಕಿಲೊ ಇಳಿಯಿತು. ಬಿಟ್ಟ ಮೇಲೆ ಆರೇ ತಿಂಗಳಲ್ಲಿ 10 ಕಿಲೊ ಏರಿತು. ಇದು ಬಹಳ ಜನರ ಕಥೆ, ಬಿಡಿ. ನಮ್ಮನ್ನು ಕಾಡಿದ್ದು ಬೇರೆ.

ಒಂದು ಮಧ್ಯಾಹ್ನ ಸುದ್ದಿ ಕಳಿಸಿ ಮನೆಗೆ ಬಂದಾಗ ಅವ್ವ ಕೇಳಿದಳು, "ಹಸಿವಾಗೇತೇನಪಾ?" ಉತ್ತರ ಹೇಳಲು ನಾವು ಗೋಡೆಯ ಗಡಿಯಾರ ನೋಡಿದೆವು!

ಹೊಟ್ಟೆ ಹಸಿದಿದೆಯೋ ಇಲ್ಲವೋ ನಮಗೇ ಗೊತ್ತಾಗಲಿಲ್ಲ. ಉಣ್ಣಲು ಕೂತರೆ ಎಲ್ಲಿ ನಿಲ್ಲಿಸಬೇಕು ಎಂಬುದೂ ತಿಳಿಯುತ್ತಿರಲಿಲ್ಲ. ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ 30 ದಾಟಿದ ನಮಗೆ ಮರೆತದ್ದು ಹೇಗೆ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕ ಇತಿಹಾಸ ಇದು.

ಅಳೆದು ಉಣ್ಣುವ ಕಾಲ ಬಂತು

ತೂಕ ಇಳಿಸಲು ಅಳೆದು ಉಣ್ಣುವುದನ್ನು ಜನಪ್ರಿಯ ಮಾಡಿದವರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಮೊದಲಿಗ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ಕಸುಬು. ವೈದ್ಯರ ಸಲಹೆಯಂತೆ ಬ್ರೆಡ್, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ತೂಕ ಇಳಿಸಿಕೊಂಡ. ತನ್ನ ಅನುಭವವನ್ನು 1863ರಲ್ಲಿ ಸಣ್ಣ ಪುಸ್ತಿಕೆ ಮಾಡಿ ಹಂಚಿದ. ಅದು ಎಷ್ಟು ಹೆಸರಾಯಿತೆಂದರೆ, ಸ್ವೀಡನ್ ದೇಶದ ಭಾಷೆಯಲ್ಲಿ ಡಯಟ್ ಮಾಡುವುದಕ್ಕೆ ಇಂದಿಗೂ 'ಬ್ಯಾಂಟಾ' ಎನ್ನುತ್ತಾರೆ.

1918ರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಕ್ಯಾಲೊರಿ ಲೆಕ್ಕವನ್ನು ಮನೆಮನೆಗೆ ತಂದರು. ಬ್ರೆಡ್ಡನ್ನು ತುಂಡಿನ ಲೆಕ್ಕದಲ್ಲಿ ನೋಡಬೇಡಿ, 100 ಕ್ಯಾಲೊರಿ ಬ್ರೆಡ್ ಎಂದು ನೋಡಿ ಎಂದರು. ತೂಕ ಇಳಿಸುವವರಿಗೆ ದಿನಕ್ಕೆ 1200 ಕ್ಯಾಲೊರಿ ಎಂದರು. ಇಂದು ಮೊಬೈಲ್ ಆಪ್‌ಗಳಲ್ಲೂ ಅದೇ 1200 ಆಗಾಗ ಕಾಣುತ್ತದೆ.

ಅಲ್ಲಿಂದ, ಎಷ್ಟು ಉಣ್ಣಬೇಕೆಂದು ಹೇಳುವ ಕೆಲಸ ಹೊಟ್ಟೆಯಿಂದ ಪಟ್ಟಿಗೆ ಹೋಯಿತು.

ಕೂಸುಗಳ ಮುಂದಿಟ್ಟ ಬಟ್ಟಲುಗಳು

ಅದೇ ಕಾಲದಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ನಡೆಯಿತು. 1926ರಿಂದ ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್, ಆಗಷ್ಟೇ ಹಾಲು ಬಿಡಿಸಿದ ಕೂಸುಗಳಿಗೆ ತಮ್ಮ ಊಟ ತಾವೇ ಆರಿಸಿಕೊಳ್ಳಲು ಬಿಟ್ಟರು. ಒಟ್ಟು 15 ಮಕ್ಕಳು, 34 ಬಗೆಯ ಆಹಾರ. ದಾದಿಯರು ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈ ತೋರಿಸಿದರೆ ಮಾತ್ರ ತಿನ್ನಿಸಬೇಕು. "ಇದು ತಿನ್ನು" ಅನ್ನುವಂತಿಲ್ಲ, "ಸಾಕು" ಅನ್ನುವಂತೆಯೂ ಇಲ್ಲ.

ಒಂದು ಮಗು ಉಂಡಂತೆ ಇನ್ನೊಂದು ಉಣ್ಣಲಿಲ್ಲ. ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. 1939ರಲ್ಲಿ ಇದರ ವರದಿ ಕೊಟ್ಟ ಡೇವಿಸ್ ಒಂದು ಗುಟ್ಟನ್ನೂ ಬಿಚ್ಚಿಟ್ಟರು. ಆ 34ರಲ್ಲಿ ಸಕ್ಕರೆ, ಮೈದಾದ ತಿಂಡಿಗಳು ಇರಲೇ ಇಲ್ಲ. ಆರಿಸುವ ಬುದ್ಧಿ ಮಗುವಿನ ಹೊಟ್ಟೆಯಲ್ಲಿದೆ ನಿಜ, ಆದರೆ ಮುಂದೆ ಏನು ಇಟ್ಟಿದ್ದೇವೆ ಎಂಬುದೂ ಅಷ್ಟೇ ಮುಖ್ಯ.

ಸ್ಟೇಡಿಯಂ ಕೆಳಗಿನ ಹಸಿವು

ಹುಟ್ಟಿನಿಂದ ಬಂದ ಈ ಬುದ್ಧಿ ಕೆಡುವುದು ಹೇಗೆ? ಇದಕ್ಕೆ ದೊಡ್ಡ ಸಾಕ್ಷಿ ಎರಡನೇ ಮಹಾಯುದ್ಧದ ಕೊನೆಯಲ್ಲಿ ಸಿಕ್ಕಿತು.

ಯುರೋಪಿನಲ್ಲಿ ಲಕ್ಷಾಂತರ ಜನ ಉಪವಾಸ ಬಿದ್ದಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಊಟ ಹೇಗೆ ಕೊಡಬೇಕು ಎಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ಕಂಡುಕೊಳ್ಳಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರ ನವೆಂಬರಿನಲ್ಲಿ ಪ್ರಯೋಗ ಶುರು ಮಾಡಿದರು. ಒಪ್ಪಿ ಬಂದವರು 36 ಯುವಕರು. ಬಂದೂಕು ಹಿಡಿಯುವುದು ತಮ್ಮ ಧರ್ಮಕ್ಕೆ, ಆತ್ಮಸಾಕ್ಷಿಗೆ ವಿರುದ್ಧ ಎಂದು ಸೇನೆ ಸೇರಲು ಒಪ್ಪದವರು ಇವರು. ಕೊಲ್ಲುವುದಿಲ್ಲ, ಆದರೆ ಹಸಿದವರಿಗಾಗಿ ಹಸಿದಿರುತ್ತೇವೆ ಎಂದು ಬಂದರು. ಅವರನ್ನು ಇಟ್ಟಿದ್ದು ವಿಶ್ವವಿದ್ಯಾಲಯದ ಫುಟ್ಬಾಲ್ ಸ್ಟೇಡಿಯಂ ಕೆಳಗಿನ ಕೋಣೆಗಳಲ್ಲಿ.

ಮೊದಲ 12 ವಾರ ದಿನಕ್ಕೆ ಸುಮಾರು 3200 ಕ್ಯಾಲೊರಿ ಊಟ. ಆಮೇಲೆ 24 ವಾರ ಅದರ ಅರ್ಧದಷ್ಟು, ಅಂದರೆ ಸುಮಾರು 1570. ದಿನಕ್ಕೆ ಎರಡೇ ಹೊತ್ತು. ಆಲೂಗಡ್ಡೆ, ಗೆಡ್ಡೆಕೋಸಿನ ಜಾತಿಯ ಗೆಡ್ಡೆ, ಬ್ರೆಡ್, ಮ್ಯಾಕರೋನಿ. ಜೊತೆಗೆ ವಾರಕ್ಕೆ 35 ಕಿಲೊಮೀಟರ್ ನಡಿಗೆ. ಅವರ ದೇಹದ ತೂಕದಲ್ಲಿ ಕಾಲು ಭಾಗ ಕರಗಿತು.

ಈ 1570, ಲುಲು ಪೀಟರ್ಸ್ ಹೇಳಿದ 1200ಕ್ಕಿಂತ ಹೆಚ್ಚು. ಇವರು ಬಹಳ ನಡೆಯುತ್ತಿದ್ದ ಗಂಡಸರು, ಹಾಗಾಗಿ ಎರಡನ್ನೂ ನೇರ ಹೋಲಿಸಲು ಬರುವುದಿಲ್ಲ. ಆದರೂ ಆ ಸಂಖ್ಯೆ ನೋಡಿ ನಮಗೆ ಒಂದು ಕ್ಷಣ ಎದೆ ಧಸಕ್ಕೆಂದಿತು.

ಮೈ ಸೊರಗಿದ್ದಷ್ಟೇ ಅಲ್ಲ, ಮನಸ್ಸಿನ ತುಂಬ ಊಟವೇ ತುಂಬಿಕೊಂಡಿತು. ಅಡುಗೆ ಪುಸ್ತಕ ಕೂಡಿಡತೊಡಗಿದರು. ಒಂದೇ ತಟ್ಟೆಯನ್ನು ಗಂಟೆಗಟ್ಟಲೆ ಕೂತು ಉಂಡರು, ಕೊನೆಗೆ ತಟ್ಟೆ ನೆಕ್ಕಿದರು. ಬೇಸಿಗೆಯಲ್ಲೂ ಚಳಿ. ಹೆಣ್ಣಿನ ಮೇಲಿನ ಆಸೆ ಹೋಯಿತು, ಗೆಳೆಯರ ಮಾತು ಬೇಡವಾಯಿತು.

ನಮಗೆ ಬೇಕಾದ ಉತ್ತರ ಇದರ ಮುಂದಿದೆ. ಮತ್ತೆ ಊಟ ಹೆಚ್ಚಿಸಿದಾಗ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದರು. ಹೋಗಲಿಲ್ಲ. ಬೇಕಾದಷ್ಟು ಉಣ್ಣಲು ಬಿಟ್ಟ ಮೇಲೂ ಹೊಟ್ಟೆ ಬಿರಿಯುವಷ್ಟು ಉಂಡು "ಇನ್ನೂ ಹಸಿವು" ಎಂದವರಿದ್ದರು. ಸಾಕು ಎನ್ನುವ ಸೂಚನೆಯೇ ಅವರಿಗೆ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಹೀಗೇ ಇತ್ತು. 2003-04ರಲ್ಲಿ, ಬದುಕಿದ್ದ 18 ಮಂದಿಯನ್ನು ಸಂಶೋಧಕರು ಮಾತನಾಡಿಸಿದಾಗ, ಪೂರ್ತಿ ಸುಧಾರಿಸಲು ಎರಡು ತಿಂಗಳಿಂದ ಎರಡು ವರ್ಷದವರೆಗೆ ಬೇಕಾಯಿತು ಎಂದರು.

ಇದನ್ನು ಓದಿದ ದಿನ ನಮಗೆ ಸಮಾಧಾನವಾಯಿತು. ಡಯಟ್ ಬಿಟ್ಟ ಮೇಲೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಡಬ್ಬಿ ತಡಕಿದ್ದು ನಮ್ಮ ದುರಾಸೆ, ಮನಸ್ಸಿನ ಸಡಿಲು ಎಂದು ಬೈದುಕೊಂಡಿದ್ದೆವು. ಯುದ್ಧಕ್ಕೆ ಒಲ್ಲೆ ಎಂದು ಸರ್ಕಾರದ ಎದುರು ನಿಂತ ಆ 36 ಮಂದಿಗೆ ಮನಸ್ಸಿನ ಗಟ್ಟಿತನ ಕಡಿಮೆ ಇತ್ತು ಎನ್ನಲಾದೀತೆ?

ದೇಹ ಮರೆಯುವುದಿಲ್ಲ

ಇದರ ಕಾರಣ ವಿಜ್ಞಾನಕ್ಕೆ ತಿಳಿದದ್ದು ತಡವಾಗಿ. ಮೈಯ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನ್ 1994ರಲ್ಲಿ ಪತ್ತೆಯಾಯಿತು. ಹಸಿವು ಹುಟ್ಟಿಸುವ ಗ್ರೆಲಿನ್ 1999ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 50 ಮಂದಿಗೆ 10 ವಾರ ಬಹಳ ಕಡಿಮೆ ಊಟ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೂ ಅವರ ಮೈಯಲ್ಲಿ ಲೆಪ್ಟಿನ್ ಕಡಿಮೆ, ಗ್ರೆಲಿನ್ ಹೆಚ್ಚು ಇತ್ತು. ಹಸಿವೂ ಮೊದಲಿಗಿಂತ ಹೆಚ್ಚಿತ್ತು. ಬರಗಾಲ ಬಂದಿದೆ ಎಂದು ದೇಹ ತಿಳಿದುಕೊಳ್ಳುತ್ತದೆ. ಕಣಜ ತುಂಬಿಸಲು ಹೊರಡುತ್ತದೆ.

ಹಸಿವನ್ನು ಮತ್ತೆ ಕಲಿಯುವುದು

1995ರಲ್ಲಿ ಅಮೆರಿಕದ ಎವೆಲಿನ್ ಟ್ರಿಬೋಲಿ, ಎಲಿಸ್ ರೆಶ್ ಎಂಬ ಇಬ್ಬರು ಆಹಾರ ತಜ್ಞೆಯರು 'ಇಂಟ್ಯೂಟಿವ್ ಈಟಿಂಗ್' ಎಂಬ ಪುಸ್ತಕ ಬರೆದರು. ಒಳಗಿನ ಸೂಚನೆ ಕೇಳಿ ಉಣ್ಣುವುದು ಎಂದರ್ಥ. ಅದರಲ್ಲಿ ಹತ್ತು ಸೂತ್ರಗಳಿವೆ. ಡಯಟ್ ಮನೋಭಾವ ಬಿಡು ಎನ್ನುವುದು ಮೊದಲನೆಯದು, ಹಸಿವಿಗೆ ಮರ್ಯಾದೆ ಕೊಡು ಎನ್ನುವುದು ಎರಡನೆಯದು. ಹೊಟ್ಟೆ ತುಂಬಿದ್ದನ್ನು ಗುರುತಿಸುವುದೂ ಅದರಲ್ಲಿದೆ.

ಇದು ನಮಗೆ ಪೂರ್ತಿ ಹೊಸತಲ್ಲ. ತಡೆಯಬಾರದ 13 ವೇಗಗಳನ್ನು ಚರಕ ಸಂಹಿತೆ ಹೇಳುತ್ತದೆ. ಮಲಮೂತ್ರ, ಸೀನು, ಆಕಳಿಕೆ, ನಿದ್ದೆಯ ಜೊತೆ ಹಸಿವೂ ಅಲ್ಲಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯೂ ಊಟ 'ಬಲ್ಲವನು' ಎನ್ನುತ್ತದೆ, ಊಟ ಬಿಟ್ಟವನು ಎನ್ನುವುದಿಲ್ಲ. ಏಕಾದಶಿ, ರಂಜಾನಿನ ಉಪವಾಸ ಬೇರೆ. ಅದಕ್ಕೊಂದು ಕೊನೆಯಿದೆ, ಪಾರಣೆಯಿದೆ, ಜೊತೆಗೆ ಊರೇ ಇದೆ.

ನಾವು ಮಾಡಿದ್ದು ಇಷ್ಟು. ಆಪ್ ತೆಗೆದೆವು. ಮೂರು ಹೊತ್ತು ತಪ್ಪದೆ ಉಂಡೆವು, ಏಕೆಂದರೆ ಊಟ ಸಿಗುತ್ತದೆ ಎಂಬ ನಂಬಿಕೆ ಮೊದಲು ದೇಹಕ್ಕೆ ಬರಬೇಕು. ಉಣ್ಣುವಾಗ ಫೋನ್ ಬದಿಗಿಟ್ಟೆವು. ಕೂರುವ ಮುಂಚೆ ಕೇಳಿಕೊಂಡೆವು: ಇದು ಹೊಟ್ಟೆ ಹಸಿವೋ, ಬಾಯಿ ಚಪಲವೋ, ಬೇಜಾರೋ? ಹೊಟ್ಟೆ ಹಸಿವಾದರೆ ರೊಟ್ಟಿ ಪುಂಡಿಪಲ್ಯವಾದರೂ ಸರಿ ಅನಿಸುತ್ತದೆ, ಚಪಲಕ್ಕೆ ಮಿರ್ಚಿ ಭಜಿಯೇ ಬೇಕು. ಒಮ್ಮೊಮ್ಮೆ ಭಜಿಯನ್ನೂ ತಿಂದೆವು, ಬೈದುಕೊಳ್ಳಲಿಲ್ಲ. ಹೊಟ್ಟೆಯ ಸಣ್ಣ ಸಂಕಟ, ಉಂಡಾಗ ರುಚಿ ಮಂಕಾಗುವ ಕ್ಷಣ ತಿಳಿಯತೊಡಗಲು ಐದಾರು ತಿಂಗಳಾಯಿತು. ಏರಿದ ತೂಕ ಪೂರ್ತಿ ಇಳಿದಿಲ್ಲ. ಇಳಿಯುತ್ತದೆ ಎಂದು ನಾವು ಹೇಳುವುದೂ ಇಲ್ಲ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು. ಊಟ ಕಂಡರೆ ಭಯ, ಉಂಡದ್ದನ್ನು ವಾಂತಿ ಮಾಡುವುದು ಇದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಮದುವೆಗೆ ತೆಳ್ಳಗಾಗಬೇಕೆಂದು ತಟ್ಟೆ ಸರಿಸುತ್ತಿದ್ದರೆ, ಶಹಬ್ಬಾಸ್ ಅನ್ನುವ ಮುಂಚೆ ಆ 36 ಮಂದಿಯ ಕಥೆ ಹೇಳಿ.

ಮೊನ್ನೆ ಅವ್ವ ಮತ್ತೆ ಅದನ್ನೇ ಕೇಳಿದಳು. "ಇನ್ನೂ ಇಲ್ಲವ್ವ, ಅರ್ಧ ತಾಸು ಬಿಟ್ಟು ಉಣ್ತೀನಿ" ಅಂದೆವು. ಗಡಿಯಾರ ನೋಡಲಿಲ್ಲ.